ಬಂಡೆ ಉಜ್ಜಿದವರು

ಹೊಳಲ್ಕೆರೆ
ಗುರುವಾರ, ೧೪ ಸೆಪ್ಟೆಂಬರ್ ೧೯೮೯

ಪ್ರೀತಿಯ ತಮ್ಮ ಚಿತ್ರಲಿಂಗನಿಗೆ,

ಕಳೆದ ವರ್ಷ ದೀಪಾವಳಿಗೆ ಮುಂಚಿನ ಭಾನುವಾರ, ಅಂದರೆ ನವೆಂಬರ್ ಆರನೆಯ ತಾರೀಕು, ಬಿ.ದುರ್ಗದ ಆಚೆ ಜಿನುಗುಬಂಡೆಯ ಬುಡದಲ್ಲಿ ಹಾಕಿದ್ದ ಶಾಮಿಯಾನದ ಕೆಳಗೆ ನಿಂತು ನೀನು ಒಂದು ಮಾತು ಹೇಳಿದೆ. ಆ ಮಾತನ್ನು ನಂಬಿ ಮಾರನೆಯ ದಿನವೇ ಬಂಡೆಯ ಮೂಡಲ ಮುಖವನ್ನು ತಂತಿಬ್ರಷ್ಷಿನಿಂದ ಉಜ್ಜಿ, ಬ್ಲೀಚಿಂಗ್ ಪೌಡರ್ ಸುರಿದು ತೊಳೆದರು. ನಮ್ಮ ಮುತ್ತಜ್ಜ ಅಲ್ಲಿಗೆ ಕುರಿ ಹೊಡೆದುಕೊಂಡು ಬರುವುದಕ್ಕೂ ಮೊದಲಿನಿಂದ ಕಲ್ಲಿಗೆ ಹಸಿರು ಹಾಸಿನಂತೆ ಅಂಟಿಕೊಂಡಿದ್ದ ಹಾವಸೆ ಒಂದು ಬೆಳಗಿನಲ್ಲಿ ಕೊಚ್ಚಿಹೋಯಿತು. ಒಂದು ಹೂವಿನ ಗಿಡವನ್ನು ಉಳಿಸುವ ಹೆಸರಿನಲ್ಲಿ ಈ ಕೆಲಸ ನಡೆಯಿತು. ಇದನ್ನು ಮೊದಲೇ ಬರೆದುಬಿಟ್ಟಿದ್ದೇನೆ. ಕ್ಷೇಮಸಮಾಚಾರದಿಂದ ಶುರು ಮಾಡಿದರೆ ನೀನು ಅದಕ್ಕಷ್ಟೇ ಉತ್ತರ ಬರೆದು ಉಳಿದದ್ದನ್ನು ಓದದವನಂತೆ ಇದ್ದುಬಿಡುತ್ತೀಯ. ಯುಗಾದಿಯಲ್ಲಿ ಹಾಗೇ ಮಾಡಿದೆ.

ಈಗ ಕೇಳುತ್ತೇನೆ, ನಿನ್ನ ಮಂಡಿನೋವು ಹೇಗಿದೆ? ಧಾರವಾಡದ ಮಳೆಗಾಲದ ಥಂಡಿಗೆ ಅದು ಜಾಸ್ತಿಯಾಗುತ್ತದೆಂದು ಗಿರಿಯಮ್ಮ ಬರೆದಿದ್ದಳು. ನಿನ್ನ ಹೆಂಡತಿಯಾದರೂ ನಾಲ್ಕು ಸಾಲು ನಿಜ ಬರೆಯುತ್ತಾಳೆ. ಎಣ್ಣೆ ಬೆಚ್ಚಗೆ ಮಾಡಿ ಹಚ್ಚಿಕೋ, ಕಾಲೇಜಿನ ಮೆಟ್ಟಿಲನ್ನು ನಿಧಾನಕ್ಕೆ ಹತ್ತು. ಹಟ್ಟಿಯ ಜಂಪಣ್ಣ ಭಾವ ನಿನಗೆಂದು ಒಂದು ಕರಿ ಕಂಬಳಿ ನೇಯಿಸಿ ಇಟ್ಟಿದ್ದಾನೆ, ಬಂದಾಗ ಒಯ್ಯುವೆಯಂತೆ. ನಾನು ಚೆನ್ನಾಗಿದ್ದೇನೆ. ಬಿ.ಪಿ. ಇದೆ, ಸಿಟ್ಟು ಮಾಡಿಕೊಳ್ಳಬೇಡಿ ಎಂದು ಡಾಕ್ಟರು ಹೇಳಿದ್ದಾರೆ. ಸಿಟ್ಟು ಬರುವಂಥ ಕೆಲಸ ಯಾರೂ ಮಾಡದ ಹಾಗೆ ನೋಡಿಕೊಳ್ಳುವ ಔಷಧಿ ಅವರ ಬಳಿ ಇಲ್ಲವಂತೆ. ಪೆನ್ಷನ್ ಬಂದ ಮೇಲೆ ಓದಲು ಬೇಕಾದಷ್ಟು ಹೊತ್ತು ಸಿಗುತ್ತದೆ. ಇಲ್ಲಿಯ ಲೈಬ್ರರಿಯ ಸಸ್ಯಶಾಸ್ತ್ರದ ಪುಸ್ತಕಗಳನ್ನೆಲ್ಲ ಮುಗಿಸಿದ್ದೇನೆ. ಅದರಿಂದ ನಿನಗೇನೂ ಒಳ್ಳೆಯದಾಗಿಲ್ಲ ಎಂಬುದು ಮುಂದೆ ಓದಿದರೆ ಗೊತ್ತಾಗುತ್ತದೆ.

ಅಂದು ಏನಾಯಿತೆಂದು ನಿನಗೆ ನೆನಪಿದೆಯೋ ಇಲ್ಲವೋ. ಹಾರ ಹಾಕಿಸಿಕೊಂಡವರಿಗೆ ಅರ್ಧ ನೆನಪಿರುತ್ತದೆ, ಕೆಳಗೆ ಜಮಖಾನದ ಮೇಲೆ ಕೂತವರಿಗೆ ಪೂರ್ತಿ ನೆನಪಿರುತ್ತದೆ. ಜಿನುಗುಬಂಡೆಯ ಬುಡದ ನೀಲಿ ಗೋರಟೆಗೆ ಕಬ್ಬಿಣದ ಬೇಲಿ ಹಾಕಿಸಿದ್ದರು. ಈ ಸೀಮೆಯಲ್ಲಿ ಇನ್ನೆಲ್ಲೂ ಇಷ್ಟೊಂದು ಒಟ್ಟಿಗೆ ಬೆಳೆಯುವುದಿಲ್ಲವೆಂದು ನೀನೇ ಕಂಡುಹಿಡಿದು ಪತ್ರಿಕೆಗಳಲ್ಲಿ ಬರೆದಿದ್ದ ಗಿಡ ಅದು. ಹೂಗುಡ್ಡ ಸಮಿತಿ ಎಂದು ಒಂದು ಸಮಿತಿಯಾಯಿತು, ಬೇಲಿಯ ಬಾಗಿಲಿಗೆ ಬೋರ್ಡು ಬಂತು, ಬೋರ್ಡಿನ ಮೇಲೆ ಲ್ಯಾಟಿನ್ ಹೆಸರು ಬಂತು. ನಾನು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದೆ. ನಿನ್ನ ಭಾಷಣ ಮುಗಿದ ಮೇಲೆ ಎಲ್ಲರೂ ಹೂ ನೋಡಲು ಬಂಡೆ ಹತ್ತಿದರು. ಯಾರೋ ಅಧಿಕಾರಿಯ ಹೆಂಡತಿ ನುಣುಪಾದ ಚಪ್ಪಲಿ ಹಾಕಿಕೊಂಡು ಬಂದಿದ್ದವರು ಜಾರಿ ಕೂತರು. ಪೆಟ್ಟೇನೂ ಆಗಲಿಲ್ಲ, ಸೀರೆಗೆ ಹಸಿರು ಹತ್ತಿತು. ಮುಂದಿನ ವಾರ ಇನ್ನೂ ದೊಡ್ಡವರು ಬರುವವರಿದ್ದರು. ಸಮಿತಿಯ ಕಾರ್ಯದರ್ಶಿ, ಬಟ್ಟೆ ಅಂಗಡಿಯ ಹನುಮಂತಪ್ಪ, ಗಾಬರಿಯಾಗಿ ನಿನ್ನನ್ನೇ ಕೇಳಿದ. "ಸಾರ್, ಈ ಪಾಚಿ ತೆಗೆಸಿಬಿಟ್ರೆ ನಿಮ್ಮ ಗಿಡಕ್ಕೆ ಏನಾರ ತೊಂದ್ರೆ ಐತಾ?" ನೀನು ಕಾರಿನ ಕಡೆ ಹೆಜ್ಜೆ ಹಾಕುತ್ತಲೇ ನಕ್ಕು ಹೇಳಿದೆ. "ಪಾಚಿ ತಾನೆ, ತೊಳೆಸಿ. ಅದು ಮತ್ತೆ ಬರ್ತದೆ."

ನಾನು ನಿನ್ನ ಹಿಂದೆಯೇ ಇದ್ದೆ. ತಮಾಷೆಗೆ ಹೇಳುತ್ತಿದ್ದೀಯ ಎಂದುಕೊಂಡೆ. ಆಮೇಲೆ ನೀನು ಹೋದೆ, ನಾನೂ ಹೊಳಲ್ಕೆರೆಯ ಬಸ್ಸು ಹತ್ತಿದೆ. ಬೆಳಗಾದರೆ ಬ್ಲೀಚಿಂಗ್ ಪೌಡರಿನ ಮೂಟೆಗಳು ಎತ್ತಿನ ಗಾಡಿಯಲ್ಲಿ ಹೋಗಿದ್ದವು.

ಈ ದೇಶದಲ್ಲಿ ಗಿಡಗಳಿಗೆ ವೇದಿಕೆ ಹಾಕಿ ಸನ್ಮಾನ ಮಾಡುವುದನ್ನು ನಾನು ಸ್ವಾತಂತ್ರ್ಯ ಬಂದ ವರ್ಷದಿಂದ ನೋಡುತ್ತಿದ್ದೇನೆ, ಚಿತ್ರ. ನಲವತ್ತೇಳರಲ್ಲಿ ಬಾವುಟ ಹಾರಿಸಿದ ದಿನ ನಮ್ಮ ಮೇಷ್ಟ್ರು ಶಾಲೆಯ ಮುಂದೆ ಒಂದು ಬೇವು ನೆಟ್ಟರು. ಅದಕ್ಕೆ ಮುಳ್ಳು ಕಟ್ಟಿ ನೀರು ಹಾಕುವ ಸರದಿ ಮಾಡಿದರು, ಅದು ಬದುಕಿತು. ಐವತ್ತರಿಂದ ವನಮಹೋತ್ಸವ ಬಂತು. ನಾನು ಹೊಸದುರ್ಗದ ಕಡೆ ಹೊಸದಾಗಿ ಟೀಚರಾಗಿದ್ದಾಗ ವರ್ಷವರ್ಷವೂ ಅದೇ ಗುಂಡಿಯಲ್ಲಿ ಹೊಸ ಸಸಿ ನೆಡುತ್ತಿದ್ದರು. ಹಳೆಯ ಗುಂಡಿ ತೋಡುವುದು ಸುಲಭ, ಮಕ್ಕಳಿಗೂ ಜಾಗ ಗೊತ್ತಿರುತ್ತಿತ್ತು. ಆಮೇಲೆ ಒಂದು ಕಾಲಕ್ಕೆ ನೀಲಗಿರಿಯೇ ದೇವರಾಯಿತು. ಇನ್ನೊಂದು ಕಾಲಕ್ಕೆ ಬಳ್ಳಾರಿ ಜಾಲಿಯನ್ನು ತಂದು ಗುಡ್ಡದ ತುಂಬ ಎರಚಿದರು. ಈಗ ಅದನ್ನು ಕಡಿಯಲು ಇನ್ನೊಂದು ಯೋಜನೆ. ಪ್ರತಿ ಸಲವೂ ಒಂದು ಗಿಡಕ್ಕೆ ಹಾರ ಬಿದ್ದಾಗ ಅದರ ಪಕ್ಕದ ಇನ್ನೊಂದಕ್ಕೆ ಏಟು ಬಿದ್ದಿದೆ, ಏಟು ತಿಂದದ್ದರ ಹೆಸರು ಯಾವ ವರದಿಯಲ್ಲೂ ಬಂದಿಲ್ಲ. ಇದೆಲ್ಲ ಗಿಡದ ಗಂಧ ಗೊತ್ತಿಲ್ಲದವರ ಕೆಲಸ ಎಂದು ಇಷ್ಟು ವರ್ಷ ನನ್ನನ್ನು ನಾನೇ ಸಮಾಧಾನ ಮಾಡಿಕೊಂಡಿದ್ದೆ. ನಮ್ಮ ಮನೆಯವನೊಬ್ಬ ಓದಿ ಆ ಜಾಗಕ್ಕೆ ಹೋದರೆ ಹೀಗಾಗುವುದಿಲ್ಲ ಎಂಬ ಹಮ್ಮೂ ಇತ್ತು.

ಆ ಹಮ್ಮಿಗೆ ಕಾರಣವೂ ಇತ್ತು. ಅರವತ್ತೊಂದರಲ್ಲಿ ನೀನು ಬಬ್ಬೂರಿನ ಫಾರಂನಲ್ಲಿ ಸಹಾಯಕನಾಗಿದ್ದೆ. ಮೊದಲ ಸಂಬಳದಲ್ಲಿ ಅಪ್ಪನಿಗೆ ಪಂಚೆ ತರುತ್ತೀಯೆಂದು ನಾವು ಕಾದಿದ್ದರೆ ನೀನು ಒಂದು ಭೂತಗನ್ನಡಿ ಕೊಂಡುಕೊಂಡು ಹಿರಿಯೂರಿನಿಂದ ಎರಡು ಬಸ್ಸು ಬದಲಾಯಿಸಿ ಬಂದೆ. ಮಾರನೆಯ ದಿನ ನನ್ನನ್ನು ಜಿನುಗುಬಂಡೆಗೆ ಕರೆದುಕೊಂಡು ಹೋಗಿ ಹಾವಸೆಯ ಮುಂದೆ ಬೋರಲು ಮಲಗಿಸಿದೆ. ಮದುವೆಯಾಗದ ಟೀಚರಮ್ಮ ಬಂಡೆಯ ಮೇಲೆ ಬೋರಲು ಬಿದ್ದಿದ್ದಾಳೆಂದು ಹಟ್ಟಿಯಲ್ಲಿ ಎಷ್ಟು ದಿನ ನಗೆಯಾಡಿದರೋ. ಭೂತಗನ್ನಡಿಯೊಳಗೆ ನಾನು ಕಂಡದ್ದು ಒಂದು ಕಾಡು. ಕೂದಲಿನಷ್ಟು ಸಣ್ಣ ಕಡ್ಡಿಯ ತುದಿಯಲ್ಲಿ ಗಿಂಡಿಯ ಹಾಗಿನ ಕಾಯಿ, ಅದರ ಬಾಯಿಯ ಸುತ್ತ ಹಲ್ಲಿನ ಸಾಲು. ನೀನು ಮೆಲ್ಲಗೆ ಉಸಿರು ಬಿಟ್ಟೆ. ಆ ಹಲ್ಲುಗಳು ಒಂದೊಂದಾಗಿ ಒಳಕ್ಕೆ ಬಾಗಿದವು. ಉಸಿರಿನ ತೇವ ಆರಿದ ಮೇಲೆ ಮತ್ತೆ ತೆರೆದುಕೊಂಡವು. ಗಾಳಿ ಒಣಗಿದ್ದಾಗ ಮಾತ್ರ ಬಾಯಿ ತೆರೆದು ಬೀಜಕಣ ತೂರುತ್ತದೆ, ಮೋಡದ ದಿನ ಬಾಯಿ ಮುಚ್ಚಿಕೊಳ್ಳುತ್ತದೆ ಎಂದು ವಿವರಿಸಿದೆ. ಆಮೇಲೆ ಹೇಳಿದೆ. "ಇದಕ್ಕೆ ಹೂವಿಲ್ಲ ಅಕ್ಕ, ಅದಕ್ಕೇ ಯಾರೂ ಬಗ್ಗಿ ನೋಡಲ್ಲ." ಇಪ್ಪತ್ತೆಂಟು ವರ್ಷವಾದರೂ ನಿನ್ನ ಆ ಮಾತು ನನ್ನ ಕಿವಿಯಲ್ಲಿದೆ.

ಎಂ.ಎಸ್ಸಿ.ಗೆ ಹೋದಾಗ ನಿನ್ನ ಮೇಷ್ಟ್ರು ಹಾವಸೆ ಕಟ್ಟಿಕೊಂಡರೆ ನೌಕರಿ ಸಿಗುವುದಿಲ್ಲ, ಹೂವಿನ ಗಿಡ ಹಿಡಿ ಎಂದರು. ನೀನು ಗೋರಟೆಯ ಕುಟುಂಬವನ್ನು ಹಿಡಿದೆ. ಅದಕ್ಕೆ ನಾನು ಒಂದು ದಿನವೂ ಆಕ್ಷೇಪಿಸಿಲ್ಲ. ಹೊಟ್ಟೆಪಾಡು ಎಲ್ಲರಿಗೂ ಇದೆ, ಗೋರಟೆಯೂ ಚಂದದ ಗಿಡವೇ. ನನ್ನ ಸಿಟ್ಟು ಗೋರಟೆಯ ಮೇಲಲ್ಲ ಎಂಬುದನ್ನು ದಯವಿಟ್ಟು ತಲೆಗೆ ಹಾಕಿಕೋ. ನಿನ್ನ ಪೋಸ್ಟ್‌ಕಾರ್ಡಿನಲ್ಲಿ "ಅಕ್ಕನಿಗೆ ಗೋರಟೆ ಸಂರಕ್ಷಣೆಯ ಮಹತ್ವ ಗೊತ್ತಾಗಿಲ್ಲ" ಎಂದು ಬರೆದಿದ್ದೆ. ಗೊತ್ತಾಗಿದೆ ಮಾರಾಯ. ಅದರ ಎಲೆ ಎದುರುಬದುರು, ಕಂಕುಳಲ್ಲಿ ಮುಳ್ಳು, ನೀಲಿ ಹೂವಿನ ಕೊಳವೆಯೊಳಗೆ ದುಂಬಿ ತಲೆ ತೂರಿಸಬೇಕು, ಒಣಗಿದ ಕಾಯಿ ಸಿಡಿದು ಬೀಜವನ್ನು ಮಾರುದೂರ ಎಸೆಯುತ್ತದೆ. ಬೇರಿದೆ, ನೀರೇರುವ ನಾಳವಿದೆ, ಹೂವಿದೆ, ಬೀಜವಿದೆ. ಹಾಗಾಗಿ ವರ್ಗೀಕರಣದ ಮರದಲ್ಲಿ ಮೇಲಿನ ಕೊಂಬೆಯಲ್ಲಿ ಅದಕ್ಕೆ ಜಾಗ. ಹಾವಸೆಯ ಪಾಠ ಹೇಗೆ ಶುರುವಾಗುತ್ತದೆ ನೋಡು. ನಿಜವಾದ ಬೇರಿಲ್ಲ, ನಾಳವಿಲ್ಲ, ಹೂವಿಲ್ಲ, ಬೀಜವಿಲ್ಲ. ಇಲ್ಲಗಳಿಂದಲೇ ಅದರ ಪರಿಚಯ. ನಾನು ಮೂವತ್ತು ವರ್ಷ ಮಕ್ಕಳಿಗೆ ಹಾಗೇ ಹೇಳಿಕೊಟ್ಟೆ, ಪಠ್ಯಪುಸ್ತಕದಲ್ಲಿ ಹಾಗೇ ಇತ್ತು. ಕೆಳದರ್ಜೆಯ ಸಸ್ಯ ಎಂಬ ತಲೆಬರಹದ ಕೆಳಗೆ. ಹಟ್ಟಿಯಿಂದ ಬಂದ ನಮ್ಮಿಬ್ಬರನ್ನು ಬಾಗಿಲ ಹತ್ತಿರ ಕೂರಿಸಿದ್ದ ಮೇಷ್ಟ್ರೂ ಅದನ್ನು ಕ್ರಮ ಎಂದೇ ಕರೆದಿದ್ದರು. ನಿನಗೆ ಆ ಜಾಗದ ಅನುಭವ ಇದೆ.

ಇರುವುದನ್ನು ಹೇಳುವುದಾದರೆ ಹಾವಸೆಗೆ ಏನಿದೆ? ಗೋರಟೆ ಒಂದು ಬೇಸಿಗೆ ಪೂರ್ತಿ ಒಣಗಿದರೆ ಸೌದೆಯಾಗುತ್ತದೆ. ಹಾವಸೆ ಹಪ್ಪಳದ ಹಾಗೆ ಒಣಗಿ ತಿಂಗಳುಗಟ್ಟಲೆ ಬಿದ್ದಿದ್ದು, ಮೊದಲ ಮಳೆಯ ಹನಿಗೆ ನಾವು ನೋಡುನೋಡುತ್ತಲೇ ಹಸಿರಾಗುತ್ತದೆ. ಮಣ್ಣಿಲ್ಲದ ಕಡೆ ನಿಂತು ಮಣ್ಣು ಹಿಡಿಯುತ್ತದೆ. ಹರಿದುಹೋಗುವ ನೀರನ್ನು ನಿಲ್ಲಿಸಿಕೊಂಡು ಹನಿಹನಿಯಾಗಿ ಕೆಳಗೆ ಬಿಡುತ್ತದೆ. ನಿನ್ನ ಗೋರಟೆಯ ಬೀಜ ಸಿಡಿದು ಬಿದ್ದಾಗ ಬೋಳುಬಂಡೆಗೆ ಅಂಟಿಕೊಂಡು ಮೊಳೆಯುವುದಿಲ್ಲ. ಬಂಡೆಯ ಅಂಚಿನಲ್ಲಿ ಹಾವಸೆ ಹಿಡಿದ ಬೆರಳಗಲದ ಒದ್ದೆ ಮಣ್ಣಿನಲ್ಲಿ ಮೊಳೆಯುತ್ತದೆ. ಇದನ್ನು ನಾನು ಪುಸ್ತಕದಲ್ಲಿ ಓದಲಿಲ್ಲ, ನಿನ್ನದೇ ಲೇಖನದ ಚಿತ್ರದಲ್ಲಿ ನೋಡಿದೆ. ಚಿತ್ರದ ಕೆಳಗೆ ಸಸಿಯ ಹೆಸರಿತ್ತು. ಅದು ನಿಂತಿದ್ದ ಹಾಸಿಗೆಯ ಹೆಸರಿರಲಿಲ್ಲ.

ಆ ಹೆಸರು ಯಾಕೆ ಬಿಟ್ಟುಹೋಯಿತು ಎಂದು ವರ್ಷವೆಲ್ಲ ಯೋಚಿಸಿದೆ. ಎಂಬತ್ತಾರರಲ್ಲಿ ನೀನು ವಿದ್ಯಾರ್ಥಿಗಳನ್ನು ಕರೆದುಕೊಂಡು ಬಂದು ಹಟ್ಟಿಯಲ್ಲೇ ಉಳಿದು ಗುಡ್ಡದ ಸಸ್ಯಗಳನ್ನೆಲ್ಲ ಬರೆಸಿಕೊಂಡೆ. ಇಲ್ಲಿ ಏನೇನು ಗಿಡ ಇವೆ ಹೇಳಿ ಎಂದು ಕೇಳಿದಾಗ ಜಂಪಣ್ಣ ಭಾವ ಹಾಡು ಹೇಳುವವನ ಹಾಗೆ ಶುರು ಮಾಡಿದ. ಕುರಿ ತಿನ್ನುವುದು, ಕುರಿ ಮೂಸಿ ಬಿಡುವುದು, ತಿಂದರೆ ಹೊಟ್ಟೆ ಉಬ್ಬುವುದು, ಒಲೆಗೆ ಆಗುವುದು, ಬೇಲಿಗೆ ಆಗುವುದು. ಗೋರಟೆ ಮೂಸಿ ಬಿಡುವ ಸಾಲಿನಲ್ಲಿ ಬಂತು. ಹಾವಸೆ ಯಾವ ಸಾಲಿನಲ್ಲೂ ಬರಲಿಲ್ಲ. ಹಟ್ಟಿಯವರಿಗೆ ಅದು ಗಿಡವೇ ಅಲ್ಲ, ನೀರಿನ ಒಂದು ಭಾಗ. ಬಾವಿಯ ಬಳಿ ಏನೇನು ಗಿಡವಿದೆ ಎಂದು ಕೇಳಿದರೆ ಹಗ್ಗದ ಹೆಸರನ್ನು ಯಾರು ಹೇಳುತ್ತಾರೆ? ನಿನ್ನ ಶಾಸ್ತ್ರ ಅದನ್ನು ಗಿಡಗಳಲ್ಲಿ ತೀರ ಕೆಳಗಿಟ್ಟಿತು, ನಮ್ಮ ಹಟ್ಟಿ ಅದನ್ನು ಗಿಡಗಳಿಂದ ಹೊರಗೇ ಇಟ್ಟಿತು. ಎರಡು ಕಡೆಯಿಂದಲೂ ಪಟ್ಟಿಗೆ ಬರದೆ ಹೋಯಿತು. ಅವರದು ಮುಗ್ಧ ತಪ್ಪು. ನಿನಗೆ ಎರಡೂ ಲೆಕ್ಕ ಗೊತ್ತಿತ್ತು. ಆ ಶಾಮಿಯಾನದಲ್ಲಿ ಎರಡನ್ನೂ ಬಲ್ಲವನು ನೀನೊಬ್ಬನೇ.

ನಿನಗೆ ಮರೆತಿರಲಾರದು. ಶಿವರಾತ್ರಿ ಕಳೆದ ಮೇಲೆ ಮೂಡಲ ಮುಖದ ಹಾವಸೆಯನ್ನು ಯಾರೂ ತುಳಿಯುವಂತಿರಲಿಲ್ಲ. ವರ್ಷದ ಮೊದಲ ಮರಿಗೆ ಮೊದಲ ನೀರು ಬಂಡೆಯದೇ ಆಗಬೇಕು. ಮರಿಯ ಮೂತಿಯನ್ನು ಹಾವಸೆಗೆ ಹಿಡಿದು ಮೇಲಿಂದ ಅಂಗೈ ಊರಿದರೆ ತಣ್ಣಗಿನ ನೀರು ಒಸರುತ್ತಿತ್ತು. ಕಿತ್ತರೆ ಅಪ್ಪ ಬಾರುಕೋಲು ತೋರಿಸುತ್ತಿದ್ದ. "ಒತ್ರಿ, ಕೀಳಬ್ಯಾಡ್ರಿ" ಎಂದು ದೊಡ್ಡತಿಮ್ಮಪ್ಪನ ಮಕ್ಕಳಿಗೆ, ಅಂದರೆ ನಮಗೆ, ನಡೆಯಲು ಬರುವುದಕ್ಕೆ ಮುಂಚೆ ಹೇಳಿಕೊಟ್ಟಿದ್ದರು. ಬಂಡೆಯ ಕೆಳಗಿನ ಕಲ್ಲಿನ ಹೊಂಡ, ನಮ್ಮ ದೊಣೆ, ತುಂಬುತ್ತಿದ್ದುದು ಆ ಒಸರಿನಿಂದ. ದೊಣೆಯಲ್ಲಿ ನೀರಿರುವಷ್ಟು ದಿನ ಮಂದೆ ಗುಡ್ಡದಲ್ಲೇ ಇರಬಹುದು. ಬತ್ತಿದರೆ ಕೆರೆಗೆ ಹೊಡೆದುಕೊಂಡು ಹೋಗಬೇಕು, ದಾರಿಯಲ್ಲಿ ಅವರಿವರ ಹೊಲ, ಅವರಿವರ ಬೈಗುಳ.

ಉಜ್ಜಿದವರು ಯಾರು ಗೊತ್ತೇ? ಸಮಿತಿ ಪಟ್ಟಣದಿಂದ ಕೂಲಿಯವರನ್ನು ಕರೆಸಿತೆಂದು ನೀನು ತಿಳಿದಿರಬೇಕು. ಅಲ್ಲ, ನಮ್ಮ ಚಿಕ್ಕಪ್ಪನ ಮಗಳು ಬೋರಕ್ಕ, ಅವಳ ಗಂಡ ಜಂಪಣ್ಣ ಭಾವ, ಹಟ್ಟಿಯ ಇನ್ನೂ ಕೆಲವರು. ಬೇರೆ ಯಾರು ಹೇಳಿದ್ದರೂ ದೊಣ್ಣೆ ತೆಗೆದುಕೊಳ್ಳುತ್ತಿದ್ದ ಜನ ಅವರು. ದೀಪಾವಳಿಗೆ ಹೋದಾಗ ನಾನು ಬೋಳುಬಂಡೆಯನ್ನು ನೋಡಿ ಬೋರಕ್ಕನ ಮೇಲೆ ರೇಗಿದೆ. ಅವಳು ಹಾಲು ಕರೆಯುತ್ತಿದ್ದವಳು ತಲೆ ಎತ್ತಲಿಲ್ಲ. "ನಮ್ಮೋನು ಹೇಳ್ಯಾನೆ ಅಂದ್ರಲ್ಲಕ್ಕ. ಓದ್ದೋನು, ನಮ್ಮ ಹಟ್ಟಿಯೋನು. ಅವ್ನಿಗಿಂತ ನಮಗೆ ಜಾಸ್ತಿ ಗೊತ್ತೈತಾ? ನಾವೇ ಉಜ್ಜಿದ್ವಿ, ಇದೇ ಕೈಯಾಗೆ." ಆ ಕೈಗಳಲ್ಲಿ ಪೌಡರಿನ ಸುಟ್ಟ ಗುರುತು ಇನ್ನೂ ಇತ್ತು. ನಿನ್ನ ಮೇಲಿನ ಸಿಟ್ಟು ಶುರುವಾದದ್ದು ಅಲ್ಲಿ, ಆ ಕೊಟ್ಟಿಗೆಯಲ್ಲಿ. ಹೊರಗಿನವರ ಮಾತನ್ನು ಅವರು ಅಳೆದು ಸುರಿದು ನೋಡುತ್ತಾರೆ. ನಿನ್ನ ಮಾತನ್ನು ಅಳೆಯಲಿಲ್ಲ.

ತೊಳೆದ ನೀರು ಎಲ್ಲಿಗೆ ಹೋಗುತ್ತದೆ? ದೊಣೆಗೇ ಹೋಯಿತು. ಕುರಿಗಳು ಮೂಸಿ ನೋಡಿ ಹಿಂದಕ್ಕೆ ಸರಿದವು. ಕುಡಿದ ಕೆಲವು ಮರಿಗಳು ಭೇದಿ ಹತ್ತಿ ಸೊರಗಿದವು, ಎರಡು ಉಳಿಯಲಿಲ್ಲ. ದೊಣೆಯನ್ನು ಬಳಿದು ಹಾಕಿ ಮಳೆಗೆ ಕಾದರು. ಮಳೆ ಬಂತು, ಬಂಡೆಯ ಮೇಲಿಂದ ಒಂದೇ ಓಟಕ್ಕೆ ಓಡಿ ಇಳಿಜಾರಿನ ಮಣ್ಣನ್ನು ಕೊರೆದುಕೊಂಡು ಹಳ್ಳ ಸೇರಿತು. ಯುಗಾದಿಯವರೆಗೆ ಇರುತ್ತಿದ್ದ ಒಸರು ಈ ವರ್ಷ ಶಿವರಾತ್ರಿಗೇ ನಿಂತಿತು. ನಾನು ಪಾಠ ಹೇಳಿದವಳು, ಎಲ್ಲವನ್ನೂ ಹಾವಸೆಯ ಲೆಕ್ಕಕ್ಕೆ ಬರೆಯುವುದಿಲ್ಲ. ಹಿಂಗಾರು ಸ್ವಲ್ಪ ಕಡಿಮೆಯಾಗಿತ್ತು, ಅದನ್ನೂ ಒಪ್ಪುತ್ತೇನೆ. ಆದರೆ ಬಂಡೆಯ ಬಡಗಣ ಮುಖ ತೊಳೆದಿರಲಿಲ್ಲ. ಅದೇ ಮಳೆ, ಅದೇ ಬೇಸಿಗೆ. ಅಲ್ಲಿ ಯುಗಾದಿಯ ಬೆಳಿಗ್ಗೆಯೂ ಅಂಗೈ ಊರಿದರೆ ನೀರು ಬಂತು. ಬೋರಕ್ಕ ವರ್ಷದ ಮೊದಲ ಮರಿಯನ್ನು ಹೆಗಲ ಮೇಲೆ ಹೊತ್ತು ಆ ಕಡಿದಾದ ಕಡೆಯಿಂದ ಹತ್ತಿದಳು. ಪಕ್ಕಪಕ್ಕದಲ್ಲಿ ಒಂದು ತೊಳೆದದ್ದು, ಒಂದು ತೊಳೆಯದ್ದು. ನಿನ್ನ ಪ್ರಯೋಗಶಾಲೆಯಲ್ಲಿ ಇದಕ್ಕಿಂತ ಒಳ್ಳೆಯ ಪ್ರಯೋಗವನ್ನು ಹೇಗೆ ಮಾಡುತ್ತೀಯ, ಹೇಳು.

ಇನ್ನು ನಿನ್ನ "ಮತ್ತೆ ಬರ್ತದೆ". ಕಳೆದ ವಾರ ಗಣಪತಿ ಬಿಟ್ಟ ಮೇಲೆ ಹೋಗಿ ನೋಡಿ ಬಂದೆ. ಮುಂಗಾರು ಚೆನ್ನಾಗಿ ಆಗಿದೆ, ಗುಡ್ಡವೆಲ್ಲ ಹಸಿರು. ಮೂಡಲ ಮುಖದ ಮೇಲೆ ಬಂದಿರುವುದು ಹಾವಸೆಯಲ್ಲ, ಕಪ್ಪುಹಸಿರಿನ ಲೋಳೆ. ಹಾವಸೆಯ ಮೇಲೆ ಬರಿಗಾಲು ಊರಿದರೆ ಅದು ಹಿಡಿದುಕೊಳ್ಳುತ್ತಿತ್ತು. ಈ ಲೋಳೆಯ ಮೇಲೆ ಕಟ್ಟುಮಸ್ತಾದ ಹೋತವೂ ಜಾರುತ್ತದೆ. ಜಾರಬಾರದೆಂದು ತೊಳೆದ ಬಂಡೆ ಈಗ ನಿಜಕ್ಕೂ ಜಾರುತ್ತಿದೆ. ನೀನು ಎರಡಕ್ಕೂ ಪಾಚಿ ಎಂಬ ಒಂದೇ ಮಾತು ಬಳಸಿದೆ. ಊರಿನವರು ಬಳಸಲಿ, ನೀನು ಬಳಸಬಾರದಿತ್ತು. ಒಂದಕ್ಕೂ ಇನ್ನೊಂದಕ್ಕೂ ನಿನ್ನ ಶಾಸ್ತ್ರದಲ್ಲಿ ಎಷ್ಟು ದೂರವೆಂದು ಪರೀಕ್ಷೆಯಲ್ಲಿ ಬರೆಯದ ಹುಡುಗನನ್ನು ನೀನು ಫೇಲು ಮಾಡುತ್ತೀಯ. ಬೇಲಿಯೊಳಗೂ ಇಣುಕಿದೆ. ಹಳೆಯ ಗೋರಟೆಗಳು ಮೊಗ್ಗು ಕಟ್ಟುತ್ತಿವೆ, ಕಣ್ಣಿಗೆ ಹಬ್ಬ. ಬಂಡೆಯ ಅಂಚಿನಲ್ಲಿ ಹಿಂದೆ ಬಾಚಣಿಗೆಯ ಹಲ್ಲಿನಂತೆ ಏಳುತ್ತಿದ್ದ ಸಸಿಗಳು ಈ ಸಲ ಅಲ್ಲೊಂದು ಇಲ್ಲೊಂದು. ತಾಯಿಗಳಿಗೆ ಬೋರ್ಡು ಹಾಕಿ ತೊಟ್ಟಿಲು ಒಡೆದಿದ್ದೀರಿ.

ನಡೆದುಹೋದದ್ದರ ಬಗ್ಗೆ ಇಷ್ಟು ಉದ್ದ ಬರೆಯುವ ವಯಸ್ಸಲ್ಲ ನನ್ನದು. ನಡೆಯುವುದರ ಬಗ್ಗೆ ಬರೆಯುತ್ತಿದ್ದೇನೆ. ಈ ಸಲ ಹೂ ನೋಡಲು ಬರುವವರಿಗೆ ಬಡಗಣ ಕಡೆಯಿಂದ ಮೆಟ್ಟಿಲು ಮಾಡುತ್ತಾರಂತೆ. ಅಕ್ಟೋಬರ್ ಎರಡು, ಗಾಂಧಿ ಜಯಂತಿಯ ಶ್ರಮದಾನವೆಂದು ಶಾಲೆಯ ಮಕ್ಕಳನ್ನೂ ಹಟ್ಟಿಯವರನ್ನೂ ಸೇರಿಸಿ ಬಡಗಣ ಮುಖವನ್ನು ಉಜ್ಜಿಸಲು ಗೊತ್ತು ಮಾಡಿದ್ದಾರೆ. ಪೌಡರಿನ ಮೂಟೆಗಳು ಬಂದು ಸಮಿತಿಯ ಕೋಣೆಯಲ್ಲಿ ಕೂತಿವೆ. ಉಳಿದಿರುವುದು ಆ ಒಂದೇ ಮುಖ. ಅದೂ ಹೋದರೆ ಜಿನುಗುಬಂಡೆಯಲ್ಲಿ ಹಾವಸೆ ಮತ್ತೆ ಹಬ್ಬಲು ಒಂದು ಚೂರೂ ಇರುವುದಿಲ್ಲ, ಹಟ್ಟಿಯ ಮಂದೆಗೆ ಬೇಸಿಗೆಯ ನೀರೂ ಇರುವುದಿಲ್ಲ.

ನಾನು ಹನುಮಂತಪ್ಪನ ಅಂಗಡಿಗೆ ಹೋದೆ. ಆತ ಕೆಟ್ಟವನಲ್ಲ, ನನ್ನ ಹಳೆಯ ವಿದ್ಯಾರ್ಥಿನಿಯ ಗಂಡ, ಕುಂತ್ಕಳ್ರಿ ಟೀಚರ್ ಎಂದು ಸ್ಟೂಲು ಒರೆಸಿಕೊಟ್ಟ. ಎಲ್ಲ ಕೇಳಿಸಿಕೊಂಡ. ತೊಳೆದ ಮುಖ, ತೊಳೆಯದ ಮುಖ, ದೊಣೆ, ಮರಿಗಳು, ಏನನ್ನೂ ಬಿಡದೆ ಹೇಳಿದೆ. ಕೊನೆಗೆ ಕೈ ಮುಗಿದು ಒಂದೇ ಮಾತು ಹೇಳಿದ. "ಟೀಚರ್, ನೀವು ದೊಡ್ಡೋರು, ಇಲ್ಲ ಅನ್ನಲ್ಲ. ಆದ್ರೆ ತೊಳೆಸಿ ಅಂತ ಹೇಳಿದ್ದು ನಿಮ್ಮ ತಮ್ಮನೇ, ನೂರಾರು ಜನದ ಮುಂದೆ. ಅವ್ರೇ ಬಂದು ಬ್ಯಾಡ ಅನ್ಲಿ, ಆ ಮೂಟೆ ನಾನೇ ವಾಪಸ್ ಕಳಿಸ್ತೀನಿ." ಆತನ ಮಾತಿನಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ. ಜಂಪಣ್ಣ ಭಾವನನ್ನು ಕೇಳಿದರೆ ಅವನದೂ ಅದೇ ಹಾಡು. "ಅವ್ನು ಹೇಳಿದ್ದು ತಪ್ಪಾದ್ರೆ ಅವ್ನೇ ಹೇಳ್ಬೇಕಲ್ಲವ್ವ. ನೀನು ಹೇಳಿದ್ರೆ ಅಕ್ಕ-ತಮ್ಮನ ಜಗಳ ಅಂತಾರೆ." ನೀನು ಒಂದು ಸಾಲು ಬರೆದು ಕಳಿಸಿದರೆ ಸಾಕಾಗುತ್ತದೆಂದು ಯುಗಾದಿಯಲ್ಲಿ ಕೇಳಿದ್ದೆ. ನೀನು ಬರೆದದ್ದು, "ಸಣ್ಣ ವಿಷಯ, ಆರೋಗ್ಯ ನೋಡಿಕೋ." ಇಲ್ಲಿ ಸಣ್ಣದಾಗಿರುವುದು ಹಾವಸೆಯ ಎಲೆ ಮಾತ್ರ.

ನಿನ್ನ ಕಷ್ಟ ನನಗೆ ಅರ್ಥವಾಗುವುದಿಲ್ಲ ಎಂದುಕೊಳ್ಳಬೇಡ. ಪ್ರೊಫೆಸರು ಬಂದು ಹಟ್ಟಿಯವರ ಮುಂದೆ ನಾನು ಹೇಳಿದ್ದು ತಪ್ಪು ಎಂದರೆ ಪತ್ರಿಕೆಯವರು ಬರೆಯುತ್ತಾರೆ, ನಿನ್ನ ವಿಭಾಗದಲ್ಲಿ ನಗುವವರು ನಗುತ್ತಾರೆ, ಗೋರಟೆಯ ಯೋಜನೆಗೇ ಅಡ್ಡಿ ಬಂದೀತೆಂಬ ಭಯವೂ ಇರಬಹುದು. ಬರಲಿ. ಗೋರಟೆಗಾಗಿ ನಾನು ನಿನ್ನ ಜೊತೆ ನಿಂತು ಹೋರಾಡುತ್ತೇನೆ, ಅದಕ್ಕೆ ನನ್ನ ಸಹಿ ಯಾವತ್ತೂ ಇದೆ. ಬೇಲಿಯನ್ನು ಹತ್ತು ಮಾರು ಮೇಲಕ್ಕೆ ಸರಿಸಿ ಬಂಡೆಯನ್ನೂ ಒಳಗೆ ಸೇರಿಸಿ, ಕುರಿಗೆ ದೊಣೆಯ ದಾರಿ ಬಿಡಿ, ಬೋರ್ಡಿನ ಮೇಲೆ ಎರಡು ಹೆಸರು ಬರೆಸಿ ಎಂದು ನೀನೇ ಹೇಳಿದರೆ ಸಮಿತಿ ತಲೆಬಾಗಿ ಮಾಡುತ್ತದೆ. ಹೂವಿರುವುದನ್ನು ಉಳಿಸಿ ಹೂವಿಲ್ಲದ್ದನ್ನು ಉಜ್ಜುವುದಕ್ಕೆ ಸಂರಕ್ಷಣೆ ಎಂಬ ಹೆಸರು ಬೇಡ. ಅದು ತೋಟಗಾರಿಕೆ.

ಗಿರಿಯಮ್ಮನಿಗೆ ನನ್ನ ಒಲವು ತಿಳಿಸು, ಅವಳು ಕೇಳಿದ್ದ ಹುರುಳಿಯನ್ನು ಬೇರೆ ಗಂಟಿನಲ್ಲಿ ಇಟ್ಟಿದ್ದೇನೆ. ಮೊಮ್ಮಗುವಿಗೆ ಹಲ್ಲು ಬಂತೇ? ಬಂದರೆ ನಿನ್ನ ಕೈ ಕಚ್ಚಲಿ ಎಂದು ಹಾರೈಸುತ್ತೇನೆ. ನಿನಗೆ ಆಯುಸ್ಸು, ಆರೋಗ್ಯ, ಅದರ ಜೊತೆಗೆ ಒಂದಿಷ್ಟು ಧೈರ್ಯವನ್ನೂ ನಮ್ಮ ಮನೆದೇವರು ಕೊಡಲಿ.

ನಿನ್ನ ಅಕ್ಕ,
ಮಲ್ಲಕ್ಕ

ಮರೆತ ಮಾತು: ಅಂಚೆ ಚೀಲ ಕಟ್ಟುವ ಹೊತ್ತಾಯಿತು, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಅಕ್ಟೋಬರ್ ಒಂದರ ಭಾನುವಾರ ಹತ್ತು ಗಂಟೆಗೆ ಬಿ.ದುರ್ಗದ ಶಾಲೆಯ ಅಂಗಳದಲ್ಲಿ ಸಮಿತಿಯ ಬಹಿರಂಗ ಸಭೆ ಇದೆ. ನಾನು ಕರಪತ್ರ ಅಚ್ಚು ಹಾಕಿಸಿದ್ದೇನೆ. ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು, ಚಿತ್ರದುರ್ಗದ ಬಸ್ ಸ್ಟ್ಯಾಂಡುಗಳಲ್ಲಿ ನಿನ್ನೆಯಿಂದ ಹಂಚುತ್ತಿದ್ದಾರೆ. ಅದರಲ್ಲಿ ನಿನ್ನ ಹೆಸರಿದೆ, ಕೆಳಗೆ ನನ್ನದು, ಇಬ್ಬರ ನಂಟೂ ಮರೆಮಾಚದೆ ಬರೆದಿದೆ. ನಿನ್ನನ್ನು ಕೇಳದೆ ಮಾಡಿದೆ, ಕೇಳಿದ್ದರೆ ನೀನು ಬೇಡ ಅನ್ನುತ್ತಿದ್ದೆ. ಪ್ರಶ್ನೆ ಒಂದೇ: ಜಿನುಗುಬಂಡೆಯ ಹಾವಸೆಯನ್ನು ತೊಳೆಯಬಹುದು ಎಂದು ಸಸ್ಯಶಾಸ್ತ್ರದ ಪ್ರಾಧ್ಯಾಪಕ ಚಿತ್ರಲಿಂಗಪ್ಪನವರು ಯಾವ ಆಧಾರದ ಮೇಲೆ ಹೇಳಿದರು, ಈಗಲೂ ಅದನ್ನೇ ಹೇಳುತ್ತಾರೆಯೇ? ಬೋರಕ್ಕನೂ ಜಂಪಣ್ಣನೂ ಮೊದಲ ಸಾಲಿನಲ್ಲಿ ಕೂರುತ್ತಾರೆ. ಈ ಕಾಗದಕ್ಕೆ ಉತ್ತರ ಬರೆಯಬೇಡ, ಬರೆದರೂ ನಾನು ಒಡೆಯುವುದಿಲ್ಲ. ಬಂದು ಅವರಿಗೆ ಹೇಳು.